ಪರೋಪಜೀವಿಶಾಸ್ತ್ರದ ಕಲಿಕೆಯನ್ನು ಅಳೆಯುವುದು ಹೇಗೆ?

ನಮ್ಮ ಶಾಲೆಯಲ್ಲಿ ಓದಿ ಹೊರಬಿದ್ದವರಲ್ಲಿ ಕೆಲವರಾದರೂ ವೈದ್ಯಕೀಯ ಕಾಲೇಜುಗಳನ್ನೂ, ಶುಶ್ರೂಷಾ ಶಾಲೆಗಳನ್ನೂ, ಪ್ರಯೋಗಶಾಲಾ ತಂತ್ರಜ್ಞರ ತರಗತಿಗಳನ್ನೂ ಸೇರುತ್ತಾರೆ. ಅಲ್ಲಿ ಅವರು ಎದುರಿಸುವ ವಿಷಯಗಳಲ್ಲಿ ವೈದ್ಯಕೀಯ ಪರೋಪಜೀವಿಶಾಸ್ತ್ರವೂ ಒಂದು. ಮನುಷ್ಯನ ರಕ್ತದಲ್ಲಿಯೋ ಕರುಳಿನಲ್ಲಿಯೋ ಮನೆಮಾಡಿಕೊಂಡು, ಅವನ ಅನ್ನದಲ್ಲಿಯೇ ಪಾಲು ಪಡೆದು ಬದುಕುವ ಜೀವಿಗಳ ಶಾಸ್ತ್ರ ಅದು. ಹೆಸರು ಹೊಸದೆನಿಸಿದರೂ ಆ ಜೀವಿಗಳು ನಮಗೆ ಹೊಸಬರಲ್ಲ. ಚಳಿಜ್ವರ, ಆನೆಕಾಲು, ಆಮಶಂಕೆ, ಜಂತುಹುಳು, ಲಾಡಿಹುಳು ಎಂಬ ಮಾತುಗಳನ್ನು ನಮ್ಮ ಅಜ್ಜಿಯರು ಯಾವ ಪುಸ್ತಕವನ್ನೂ ನೋಡದೆ ಆಡುತ್ತಿದ್ದರು. ಈ ಶಾಸ್ತ್ರವನ್ನು ವಿದ್ಯಾರ್ಥಿಯೊಬ್ಬನು ಎಷ್ಟರ ಮಟ್ಟಿಗೆ ಕಲಿತಿದ್ದಾನೆಂಬುದನ್ನು ಅಳೆಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ. ಪರೀಕ್ಷೆಯ ಕಾಟವನ್ನು ವರ್ಷವರ್ಷವೂ ಉಣ್ಣುತ್ತಿರುವ ನಮ್ಮ ಓದುಗರಿಗೆ ಇದು ನೀರಸವಾಗಲಾರದೆಂದು ನಂಬಿದ್ದೇವೆ.

ಇದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. ಮಲೇರಿಯಾ ಒಂದನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಈ ಜ್ವರವನ್ನು ತರುವ ಜೀವಿಗಳಲ್ಲಿ ಮುಖ್ಯವಾದುವು ಎರಡು: ಪ್ಲಾಸ್ಮೋಡಿಯಂ ವೈವ್ಯಾಕ್ಸ್ ಮತ್ತು ಪ್ಲಾಸ್ಮೋಡಿಯಂ ಫಾಲ್ಸಿಪಾರಂ. ವೈವ್ಯಾಕ್ಸ್ ಜಾತಿಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಯಕೃತ್ತಿನಲ್ಲಿ ಅಡಗಿ ಮಲಗಿರುವ ರೂಪಗಳನ್ನು ಕೊಲ್ಲಲು ಹದಿನಾಲ್ಕು ದಿನ ಪ್ರೈಮಾಕ್ವಿನ್. ಫಾಲ್ಸಿಪಾರಂ ಜಾತಿಯು ಕ್ಲೋರೋಕ್ವಿನ್‌ಗೆ ಬಗ್ಗದಂತಾಗಿ ಬಹಳ ಕಾಲವಾಯಿತು. ಅದಕ್ಕೆ ಆರ್ಟೆಮಿಸಿನಿನ್ ಕೂಡಿದ ಔಷಧಗಳೇ ಬೇಕು. ಸೂಕ್ಷ್ಮದರ್ಶಕದ ಮುಂದೆ ಕುಳಿತವನು ಫಾಲ್ಸಿಪಾರಂ ಅನ್ನು ವೈವ್ಯಾಕ್ಸ್ ಎಂದು ಬರೆದುಕೊಟ್ಟರೆ ರೋಗಿಗೆ ನಿಷ್ಪ್ರಯೋಜಕವಾದ ಮದ್ದು ದೊರೆತು, ಜ್ವರ ಮೆದುಳಿಗೇರಿ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ವೈವ್ಯಾಕ್ಸ್ ಅನ್ನು ಫಾಲ್ಸಿಪಾರಂ ಎಂದು ಬರೆದರೆ ಅಷ್ಟು ಘೋರವಾದ ಪರಿಣಾಮವಿಲ್ಲದಿರಬಹುದು. ಆದರೆ ಯಕೃತ್ತಿನಲ್ಲಿ ಅಡಗಿದ್ದವು ತಿಂಗಳುಗಳ ಅನಂತರ ಎದ್ದು ಬಂದು ಅದೇ ಮನುಷ್ಯನನ್ನು ಮತ್ತೆ ಹಾಸಿಗೆಗೆ ಕೆಡವುತ್ತವೆ. ಇದು ದೂರದ ಕಾಡಿನ ಮಾತೂ ಅಲ್ಲ. ನಮ್ಮ ಈ ಮುಂಬಯಿ ನಗರದಲ್ಲಿಯೇ 2010ರ ಒಂದು ವರ್ಷದಲ್ಲಿ 70,000ಕ್ಕೂ ಹೆಚ್ಚು ಜನರಿಗೆ ಮಲೇರಿಯಾ ತಗಲಿದುದು ದಾಖಲಾಗಿದೆ. ಕಟ್ಟಡ ಕಟ್ಟುವ ನೆಲದಲ್ಲಿ ನಿಂತ ನೀರು, ಮುಚ್ಚಳವಿಲ್ಲದ ತೊಟ್ಟಿ, ಇವೇ ಸಾಕು.

ಇನ್ನು ಪರೀಕ್ಷೆಯ ವಿಷಯ. ಬಹುಕಾಲದಿಂದ ನಡೆದುಬಂದಿರುವುದು ಲಿಖಿತ ಪರೀಕ್ಷೆ. "ಕೊಕ್ಕೆಹುಳುವಿನ ಜೀವನಚಕ್ರವನ್ನು ಚಿತ್ರಸಹಿತ ವಿವರಿಸಿರಿ" ಎಂದು ಪ್ರಶ್ನೆ ಬರುತ್ತದೆ. ಮರಿಹುಳು ಬರಿಗಾಲಿನ ಚರ್ಮವನ್ನು ಕೊರೆದು ಒಳನುಗ್ಗುವುದು, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗುವುದು, ಅಲ್ಲಿಂದ ಗಂಟಲಿಗೇರಿ ನುಂಗಲ್ಪಟ್ಟು ಕರುಳನ್ನು ಸೇರುವುದು, ಇವೆಲ್ಲವನ್ನೂ ವಿದ್ಯಾರ್ಥಿ ಒಂದೇ ಉಸಿರಿನಲ್ಲಿ ಬರೆಯುತ್ತಾನೆ. ಹತ್ತಕ್ಕೆ ಎಂಟು ಅಂಕ. ಅದೇ ವಿದ್ಯಾರ್ಥಿಯ ಮುಂದೆ ಮಲದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಕೊಕ್ಕೆಹುಳುವಿನ ಮೊಟ್ಟೆಯನ್ನು ತೋರಿಸೆಂದರೆ ಅವನು ಗಾಳಿಗುಳ್ಳೆಯನ್ನೋ ಗಿಡದ ಪರಾಗವನ್ನೋ ತೋರಿಸುವುದುಂಟು. ತೆಳುವಾದ ಕವಚದೊಳಗೆ ನಾಲ್ಕು ಕೋಶಗಳಾಗಿ ಒಡೆದಿರುವ ಆ ಮೊಟ್ಟೆಯ ವರ್ಣನೆ ಅವನ ಬಾಯಲ್ಲಿದೆ, ಕಣ್ಣಿನಲ್ಲಿ ಇಲ್ಲ. ಹಾಗೆಂದು ಬರೆದುದು ಸುಳ್ಳೆನ್ನಲಾಗದು. ಲಿಖಿತ ಪರೀಕ್ಷೆ ಅವನ ಜ್ಞಾನದ ಒಂದು ಭಾಗವನ್ನು ಮಾತ್ರ ಅಳೆಯಿತು, ಅಷ್ಟೆ.

ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಣತಜ್ಞರು 1990ರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು. ತಿಳಿದಿರುವುದು ಮೊದಲನೆಯದು, ಹೇಗೆಂಬುದನ್ನು ತಿಳಿದಿರುವುದು ಎರಡನೆಯದು, ಮಾಡಿ ತೋರಿಸುವುದು ಮೂರನೆಯದು, ಯಾರೂ ನೋಡದಿರುವಾಗ ದಿನದಿನದ ಕೆಲಸದಲ್ಲಿ ಮಾಡುವುದು ನಾಲ್ಕನೆಯದು. ಮೇಲೇರಿದಷ್ಟೂ ಅಳೆಯುವುದು ಕಷ್ಟ, ವೆಚ್ಚವೂ ಹೆಚ್ಚು. ಆದುದರಿಂದಲೇ ಪರೀಕ್ಷಕರು ಕೆಳಗಿನ ಮೆಟ್ಟಿಲಲ್ಲಿಯೇ ಕುಳಿತುಬಿಡುತ್ತಾರೆಂಬುದು ನಮ್ಮ ಅನುಮಾನ.

ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರಲು ಮಾತ್ರ ಹಣ ಬೇಕಿಲ್ಲ, ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಸಾಕು. ಆನೆಕಾಲು ರೋಗದ ಸೂಕ್ಷ್ಮ ಮರಿಹುಳುಗಳು ಹಗಲೆಲ್ಲ ಒಳಗಿನ ರಕ್ತನಾಳಗಳಲ್ಲಿದ್ದು, ರಾತ್ರಿ ಮಾತ್ರ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ ಎಂಬುದು ಪುಸ್ತಕದಲ್ಲಿದೆ. "ಮರಿಹುಳುಗಳ ರಾತ್ರಿಸಂಚಾರವನ್ನು ಕುರಿತು ಬರೆಯಿರಿ" ಎಂದರೆ ಎಲ್ಲರೂ ಬರೆಯುತ್ತಾರೆ. "ಕಾಲು ಬಾತಿರುವ ಬೆಸ್ತನೊಬ್ಬನು ಬೆಳಿಗ್ಗೆ ಹತ್ತು ಗಂಟೆಗೆ ಆಸ್ಪತ್ರೆಗೆ ಬಂದಿದ್ದಾನೆ, ರಕ್ತವನ್ನು ಯಾವಾಗ ತೆಗೆಯುವಿರಿ?" ಎಂದು ಕೇಳಿದರೆ ಅರ್ಧ ತರಗತಿ "ಈಗಲೇ" ಎಂದೀತು. ರಾತ್ರಿ ಹತ್ತರಿಂದ ಎರಡು ಗಂಟೆಯೊಳಗೆ ತೆಗೆದ ರಕ್ತವೇ ಉಪಯುಕ್ತವೆಂಬುದು ಗೊತ್ತಿದ್ದವರೂ ಹಾಗೆನ್ನುತ್ತಾರೆ. ಗೊತ್ತಿರುವುದು ಉಪಯೋಗಕ್ಕೆ ಬಂದಿರುವುದಿಲ್ಲ. ದಾದಿಯ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಹುಳುವಿನ ಬಾಲದ ತುದಿಯಲ್ಲಿ ನ್ಯೂಕ್ಲಿಯಸ್ಸುಗಳಿದ್ದರೆ ಬ್ರೂಗಿಯಾ ಮಲಾಯಿ, ಇಲ್ಲದಿದ್ದರೆ ವುಚೆರೇರಿಯಾ ಬಾಂಕ್ರಾಫ್ಟಿ ಎಂಬುದು ಪ್ರಯೋಗಶಾಲೆಯವನಿಗೆ ಇರಲಿ. ಎಲ್ಲರಿಗೂ ಒಂದೇ ಪ್ರಶ್ನಪತ್ರಿಕೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ; ಆದರೆ ವೈದ್ಯ, ದಾದಿ, ತಂತ್ರಜ್ಞ ಈ ಮೂವರಿಂದ ನಾವು ಬಯಸುವ ಕೆಲಸಗಳು ಮೂರು ಬಗೆಯವು.

ಮೂರನೆಯ ಮೆಟ್ಟಿಲಿಗೆಂದು ನಮ್ಮ ಕಾಲೇಜುಗಳಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇದೆ. ಮೇಜಿನ ಮೇಲೆ ಸಾಲಾಗಿ ಸೂಕ್ಷ್ಮದರ್ಶಕಗಳನ್ನಿಟ್ಟು, ಪ್ರತಿಯೊಂದರಲ್ಲಿಯೂ ಒಂದು ಸ್ಲೈಡನ್ನು ಮೊದಲೇ ಕೂಡಿಸಿ, ಬಾಣದ ಗುರುತಿನ ತುದಿಯಲ್ಲಿರುವುದು ಏನೆಂದು ಕೇಳುವುದು. ಇದಕ್ಕೆ ವಿದ್ಯಾರ್ಥಿಗಳು 'ಸ್ಪಾಟರ್' ಎನ್ನುತ್ತಾರೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು ಇದೇ ಬಗೆಯ ಸಾಲನ್ನು ರೋಗಿಗಳ ತಪಾಸಣೆಗೂ ಅಳವಡಿಸಿ, ಗಂಟೆ ಹೊಡೆದೊಡನೆ ವಿದ್ಯಾರ್ಥಿ ಮುಂದಿನ ಮೇಜಿಗೆ ಸರಿಯುವ ಕ್ರಮವನ್ನು ಪ್ರಕಟಿಸಿದರು. ಒಂದು ಮೇಜಿನಲ್ಲಿ ಪರೀಕ್ಷಕನು ಕೈಯಲ್ಲಿ ಪಟ್ಟಿಯನ್ನು ಹಿಡಿದು, ವಿದ್ಯಾರ್ಥಿ ರಕ್ತದ ಲೇಪವನ್ನು ಎಳೆಯುವ ರೀತಿಯನ್ನು ನೋಡುತ್ತಾನೆ, ಮುಂದಿನದರಲ್ಲಿ ಬಣ್ಣಕಟ್ಟುವುದು, ಅದರ ಮುಂದಿನದರಲ್ಲಿ ಗುರುತಿಸುವುದು. ಎಲ್ಲರಿಗೂ ಅದೇ ಮೇಜು, ಅದೇ ಪಟ್ಟಿ. ಪರೀಕ್ಷಕನ ಮನಸ್ಸಿನ ಏರಿಳಿತಕ್ಕೆ ಅವಕಾಶ ಕಡಿಮೆ. 2019ರಲ್ಲಿ ಜಾರಿಗೆ ಬಂದ ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮವೂ ಮಲಪರೀಕ್ಷೆಯನ್ನು ವಿದ್ಯಾರ್ಥಿ ಕೈಯಾರೆ ಮಾಡಿ ತೋರಿಸಬೇಕಾದ ಕೌಶಲಗಳಲ್ಲಿ ಸೇರಿಸಿದೆ.

ಸ್ಪಾಟರಿನಲ್ಲಿ ಒಂದು ತೊಡಕುಂಟು. ಸ್ಲೈಡುಗಳು ಹಳೆಯವು, ಎಣಿಕೆಯವು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ದಾಟಿಸುವ ಜ್ಞಾನದಲ್ಲಿ, "ಮೂಲೆ ಸೀಳಿದ ಗಾಜು ಬಂದರೆ ಲಾಡಿಹುಳು, ಹಸಿರು ಚೀಟಿಯದು ಕಾಲಾಅಜಾರ್" ಎಂಬ ಸೂತ್ರಗಳೂ ಸೇರಿರುತ್ತವೆ. ಇಂಥ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವನು ಕಲಿತದ್ದು ಪರೋಪಜೀವಿಶಾಸ್ತ್ರವನ್ನಲ್ಲ, ಆ ಕಾಲೇಜಿನ ಕಪಾಟನ್ನು. ಇನ್ನೂ ಮುಖ್ಯವಾದ ಕೊರತೆಯೆಂದರೆ ಬಾಣದ ಗುರುತು. ನಿಜವಾದ ರೋಗಿಯ ರಕ್ತದಲ್ಲಿ ಬಾಣವಿರುವುದಿಲ್ಲ. ದಪ್ಪ ಲೇಪದಲ್ಲಿ ಎಣ್ಣೆಮಸೂರದ ಕೆಳಗೆ ಕಡಮೆಯೆಂದರೆ ನೂರು ಕ್ಷೇತ್ರಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ "ಇಲ್ಲ" ಎನ್ನಬೇಕೆಂಬುದು ನಿಯಮ. ಎಪ್ಪತ್ತನೆಯ ಕ್ಷೇತ್ರದಲ್ಲಿ ಒಂದೇ ಒಂದು ಉಂಗುರರೂಪ ಇರಬಹುದು. ಬಣ್ಣದ ಕಸವೋ ಕಿರುಬಿಲ್ಲೆಯೋ ಅದರಂತೆಯೇ ಕಾಣಲೂಬಹುದು. ಗುರುತಿಸುವುದು ಒಂದು ವಿದ್ಯೆಯಾದರೆ ಹುಡುಕುವುದು ಇನ್ನೊಂದು.

ಉಪಕರಣವೂ ಸರಿಯಾಗಿರಬೇಕು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ತಮ್ಮ ಸೂಕ್ಷ್ಮದರ್ಶಕದ ತಿರುಪುಗಳು ಬೆವರಿನಿಂದ ತುಕ್ಕುಹಿಡಿದಿದ್ದುವೆಂದೂ ಉಳಿದಿದ್ದ ಒಂದೇ ಕಣ್ಮಸೂರವೂ ಬಿರುಕುಬಿಟ್ಟಿತ್ತೆಂದೂ ಬರೆದಿಟ್ಟಿದ್ದಾರೆ. ರಾಸರಿಗೆ ಅದು ಸಾಧ್ಯವಾಯಿತು. ಪರೀಕ್ಷೆಗೆ ಬಂದ ಹುಡುಗಿಗೆ ಅಂಥ ಮಸೂರವನ್ನು ಕೊಟ್ಟು ಅಂಕ ಕಳೆಯುವುದು ನ್ಯಾಯವಲ್ಲ.

ಈಗ ಅಂಕಗಳ ಲೆಕ್ಕಕ್ಕೆ ಬರೋಣ. ಗಣಿತಕ್ಕೆ ಅಂಜುವ ವಾಚಕರೂ ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಬೇಡುತ್ತೇವೆ. ಒಬ್ಬ ವಿದ್ಯಾರ್ಥಿಗೆ ನೂರು ಸ್ಲೈಡುಗಳನ್ನು ಕೊಟ್ಟೆವೆನ್ನಿ. ಅವುಗಳಲ್ಲಿ 20ರಲ್ಲಿ ಜೀವಿ ಇದೆ, 80ರಲ್ಲಿ ಇಲ್ಲ. ಅವನು ಹತ್ತರಲ್ಲಿ ಮಾತ್ರ "ಇದೆ" ಎಂದ. ಆ ಹತ್ತರಲ್ಲಿ ಎಂಟು ಸರಿ, ಎರಡು ತಪ್ಪು. ಉಳಿದ ತೊಂಬತ್ತರಲ್ಲಿ "ಇಲ್ಲ" ಎಂದ. ಅವುಗಳಲ್ಲಿ 78 ಸರಿ, 12 ತಪ್ಪು. ಒಟ್ಟು ಸರಿಯುತ್ತರಗಳು 86. ಪ್ರಥಮ ದರ್ಜೆ! ತಂದೆತಾಯಿಗಳು ಪೇಡೆ ಹಂಚಬಹುದು. ಆದರೆ ಇಪ್ಪತ್ತು ರೋಗಿಗಳಲ್ಲಿ ಹನ್ನೆರಡು ಮಂದಿಯನ್ನು ಅವನು "ನಿಮಗೇನೂ ಇಲ್ಲ" ಎಂದು ಮನೆಗೆ ಕಳುಹಿಸಿದ್ದಾನೆ. ಕಣ್ಣುಮುಚ್ಚಿ ನೂರಕ್ಕೆ ನೂರರಲ್ಲಿಯೂ "ಇಲ್ಲ" ಎಂದು ಬರೆದಿದ್ದರೂ ಅವನಿಗೆ 80 ಅಂಕ ಸಿಗುತ್ತಿತ್ತು. ಆದುದರಿಂದ ಇರುವುದನ್ನು ಎಷ್ಟು ಕಂಡುಹಿಡಿದ, ಇಲ್ಲದುದನ್ನು ಎಷ್ಟು ಇಲ್ಲವೆಂದ ಎಂಬೆರಡನ್ನೂ ಬೇರೆಬೇರೆಯಾಗಿಯೇ ಬರೆಯಬೇಕು. ಇವನ ವಿಷಯದಲ್ಲಿ ಮೊದಲನೆಯದು ನೂರಕ್ಕೆ 40. ಎರಡನೆಯದು 97ಕ್ಕೂ ಮೇಲೆ.

ಎರಡನ್ನೂ ಕೂಡಿಸಿ ಒಂದೇ ಸಂಖ್ಯೆಯಲ್ಲಿ ಹೇಳಬೇಕೆಂದರೆ ಜೇಕಬ್ ಕೊಹೆನ್ ಎಂಬವರು 1960ರಲ್ಲಿ ಕೊಟ್ಟ 'ಕಪ್ಪಾ' ಎಂಬ ಅಳತೆ ಉಂಟು. ಬರೀ ಅದೃಷ್ಟದಿಂದಲೇ ಎಷ್ಟು ಸರಿಹೋಗಬಹುದಿತ್ತೆಂಬುದನ್ನು ಅದು ಮೊದಲು ಕಳೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಅದೃಷ್ಟದ ಪಾಲು ನೂರಕ್ಕೆ 74. ಉಳಿದ 26ರಲ್ಲಿ ವಿದ್ಯಾರ್ಥಿ ಗಳಿಸಿದ್ದು 86ರಿಂದ 74 ಕಳೆದ 12. ಹನ್ನೆರಡನ್ನು ಇಪ್ಪತ್ತಾರರಿಂದ ಭಾಗಿಸಿದರೆ ಸುಮಾರು 0.46. ಎಲ್ಲವೂ ಸರಿಯಿದ್ದರೆ ಈ ಸಂಖ್ಯೆ 1 ಆಗಬೇಕಿತ್ತು. ಎಂಬತ್ತಾರರ ಠೀವಿಯೆಲ್ಲ ಇಲ್ಲಿ ಇಳಿದುಹೋಯಿತು.

ಮಲೇರಿಯಾ ಸೂಕ್ಷ್ಮದರ್ಶಕ ತಜ್ಞರನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ನಿಗದಿಮಾಡಿರುವ ಕ್ರಮ ಈ ಎಚ್ಚರಿಕೆಗಳನ್ನೆಲ್ಲ ಒಳಗೊಂಡಿದೆ. ಒಂದೊಂದು ಸ್ಲೈಡಿಗೂ ಹತ್ತು ನಿಮಿಷದ ಗಡುವು. ಜೀವಿ ಇದೆಯೆ ಎಂಬುದಕ್ಕೆ ಬೇರೆ ಅಂಕ, ಯಾವ ಜಾತಿಯೆಂಬುದಕ್ಕೆ ಬೇರೆ ಅಂಕ, ಎಷ್ಟಿವೆ ಎಂಬ ಎಣಿಕೆಗೆ ಬೇರೆ ಅಂಕ. ಮೊದಲ ದರ್ಜೆ ಬೇಕಾದರೆ ಮೊದಲೆರಡರಲ್ಲಿ ನೂರಕ್ಕೆ 90 ಸರಿಯಿರಬೇಕು. ಎಣಿಕೆಯಲ್ಲಿ ಮಾತ್ರ ನೂರಕ್ಕೆ 50 ಸಾಕು. ಇದೇಕೆ ಈ ರಿಯಾಯಿತಿ? ಎಣಿಸುವ ಕ್ರಮವನ್ನು ನೋಡಿದರೆ ಅರ್ಥವಾಗುತ್ತದೆ. ದಪ್ಪ ಲೇಪದಲ್ಲಿ 200 ಬಿಳಿ ರಕ್ತಕಣಗಳನ್ನು ಎಣಿಸುವಷ್ಟರಲ್ಲಿ ಎಷ್ಟು ಜೀವಿಗಳು ಕಂಡುವೆಂದು ಲೆಕ್ಕವಿಡುತ್ತಾರೆ. 50 ಕಂಡವೆನ್ನೋಣ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 8,000 ಬಿಳಿಕಣಗಳಿರುತ್ತವೆಂದು ಹಿಡಿದರೆ, 50ನ್ನು 8,000ದಿಂದ ಗುಣಿಸಿ 200ರಿಂದ ಭಾಗಿಸಿ, 2,000 ಜೀವಿಗಳೆಂದು ಬರೆಯುತ್ತಾರೆ. ನಿಜವಾದ ಸಂಖ್ಯೆ 2,000 ಆಗಿದ್ದಲ್ಲಿ 1,500ರಿಂದ 2,500ರವರೆಗಿನ ಉತ್ತರವನ್ನು ಸರಿಯೆಂದು ಒಪ್ಪುತ್ತಾರೆ. ಆದರೆ ಜೀವಿಗಳು ಗಾಜಿನ ಮೇಲೆ ಕವಾಯತಿನ ಹುಡುಗರಂತೆ ಸಾಲಾಗಿ ನಿಂತಿರುವುದಿಲ್ಲ. ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು. ಅದೇ ಗಾಜನ್ನು ಅದೇ ತಜ್ಞನು ಬೇರೆ ಮೂಲೆಯಿಂದ ಎಣಿಸಿದರೆ 50ರ ಬದಲು 43 ಅಥವಾ 57 ಬರುವುದು ಸಹಜ. ಮನುಷ್ಯನ ತಪ್ಪನ್ನೂ ಗಾಜಿನ ಸ್ವಭಾವವನ್ನೂ ಬೇರ್ಪಡಿಸಿ ನೋಡಿದ್ದಾರೆಂಬ ಕಾರಣಕ್ಕೆ ಈ ರಿಯಾಯಿತಿ ನಮಗೆ ಮೆಚ್ಚಿಗೆಯಾಗಿದೆ.

ವಿದ್ಯಾರ್ಥಿಯನ್ನು ಅಳೆಯುವಂತೆ ಪ್ರಶ್ನೆಯನ್ನೂ ಅಳೆಯಬೇಕಾಗುತ್ತದೆ. ನೂರು ಜನ ಪರೀಕ್ಷೆಗೆ ಕುಳಿತರೆ, ಒಟ್ಟು ಅಂಕಗಳಲ್ಲಿ ಮೇಲಿನ 27 ಜನರನ್ನೂ ಕೆಳಗಿನ 27 ಜನರನ್ನೂ ಬೇರೆ ತೆಗೆಯುತ್ತಾರೆ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 24 ಜನ, ಕೆಳಗಿನವರಲ್ಲಿ 9 ಜನ ಸರಿಯುತ್ತರ ಕೊಟ್ಟರೆ ಆ ಪ್ರಶ್ನೆ ಕಲಿತವರನ್ನೂ ಕಲಿಯದವರನ್ನೂ ಚೆನ್ನಾಗಿ ಬೇರ್ಪಡಿಸಿತು. ಮೇಲಿನವರಲ್ಲಿ 12, ಕೆಳಗಿನವರಲ್ಲಿ 15 ಆದರೆ? ಬುದ್ಧಿವಂತರೇ ಹೆಚ್ಚು ತಪ್ಪಿದರೆಂದಾಯಿತು. ಆಗ ದೋಷ ಪ್ರಶ್ನೆಯಲ್ಲಿದೆಯೇ ಎಂದು ಹುಡುಕಬೇಕು. ಆಮಶಂಕೆಯನ್ನು ತರುವ ಎಂಟಮೀಬಾ ಹಿಸ್ಟೊಲಿಟಿಕಾದ ಕೋಶಾಣುವಿನಲ್ಲಿ ಹೆಚ್ಚೆಂದರೆ ನಾಲ್ಕು ನ್ಯೂಕ್ಲಿಯಸ್ಸು, ನಿರುಪದ್ರವಿಯಾದ ಎಂಟಮೀಬಾ ಕೋಲೈಯಲ್ಲಿ ಎಂಟರವರೆಗೆ. ಇದನ್ನು ಕೇಳಿದರೆ ಯಾವ ತೊಡಕೂ ಇಲ್ಲ. ಆದರೆ ನಾಲ್ಕು ನ್ಯೂಕ್ಲಿಯಸ್ಸಿನ ಚಿತ್ರ ಕೊಟ್ಟು "ಇದು ರೋಗಕಾರಕವಾದ ಹಿಸ್ಟೊಲಿಟಿಕಾ, ಸರಿಯೋ ತಪ್ಪೋ?" ಎಂದರೆ ಚೆನ್ನಾಗಿ ಓದಿದವಳು ಹಿಂದೆಮುಂದೆ ನೋಡುತ್ತಾಳೆ. ಏಕೆಂದರೆ ಅದೇ ರೂಪದ, ರೋಗವನ್ನು ತಾರದ ಎಂಟಮೀಬಾ ಡಿಸ್ಪಾರ್ ಎಂಬ ಇನ್ನೊಂದು ಜಾತಿ ಇದೆಯೆಂದು 1993ರಲ್ಲಿ ಸ್ಪಷ್ಟವಾಗಿ ಪ್ರತಿಪಾದಿತವಾಯಿತು. ಕೋಶಾಣುವನ್ನು ಕಣ್ಣಿನಿಂದ ನೋಡಿ ಇವೆರಡನ್ನೂ ಬೇರ್ಪಡಿಸಲಾಗದು. ಓದದವನು ನಿಶ್ಚಿಂತೆಯಿಂದ "ಸರಿ" ಎಂದು ಗೀಟೆಳೆದು ಅಂಕ ಪಡೆಯುತ್ತಾನೆ.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಣ್ಯ ಚಿಮ್ಮಿ ಬರೆದರೂ ನಾಲ್ಕರಲ್ಲಿ ಒಂದು ಸರಿಬರುತ್ತದೆಂಬುದು ನಮ್ಮ ಏಳನೆಯ ತರಗತಿಯವರಿಗೂ ಗೊತ್ತು.

ಚಿತ್ರ ಬಿಡಿಸುವ ಹಳೆಯ ಅಭ್ಯಾಸದ ಬಗೆಗೆ ಮಾತ್ರ ಒಂದು ಮಾತು ಹೇಳಲೇಬೇಕು. ದಾಖಲೆ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ಚಿತ್ರ ಬರೆಸುವುದನ್ನು ಈಗ ಅನೇಕರು ಕಾಲಹರಣವೆನ್ನುತ್ತಾರೆ. ಗೆಳೆಯನ ಪುಸ್ತಕದಿಂದ ನಕಲುಮಾಡಿದರೆ ಅದು ಕಾಲಹರಣವೇ ಸರಿ. ಗಾಜಿನಲ್ಲಿ ಕಂಡುದನ್ನೇ ಕಂಡಂತೆ ಬರೆದಾಗ ಮಾತ್ರ, ವಿದ್ಯಾರ್ಥಿ ಏನನ್ನು ನೋಡಿದ, ಏನನ್ನು ನೋಡಲಿಲ್ಲ ಎಂಬುದು ಗುರುವಿಗೆ ಬೇರೆ ಯಾವ ಪರೀಕ್ಷೆಯಿಂದಲೂ ತಿಳಿಯದಷ್ಟು ನಿಚ್ಚಳವಾಗಿ ತಿಳಿಯುತ್ತದೆ. ವೈವ್ಯಾಕ್ಸ್ ಹೊಕ್ಕ ಕೆಂಪುಕಣ ಊದಿಕೊಂಡಿರುತ್ತದೆ. ಫಾಲ್ಸಿಪಾರಂ ಹೊಕ್ಕದ್ದು ಊದಿರುವುದಿಲ್ಲ. ಸುತ್ತಲಿನ ಕಣಗಳನ್ನೂ ಸೇರಿಸಿ ಬರೆದವನಿಗೆ ಮಾತ್ರ ಈ ಗಾತ್ರದ ಭೇದ ಕಾಣುತ್ತದೆ. 1858ರಲ್ಲಿ ಪ್ರಕಟವಾದ ಗ್ರೇ ಅವರ ಪ್ರಸಿದ್ಧ ಅಂಗರಚನಾಶಾಸ್ತ್ರದ ಗ್ರಂಥಕ್ಕೆ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅನಂತರ ಈ ನಗರದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಇಲ್ಲಿನ ಜ್ವರಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರೆಂಬುದನ್ನು ನಮ್ಮ ಚಿತ್ರಕಲೆಯ ತರಗತಿಯವರು ತಿಳಿದಿರಲಿ.

ಕಲಿತದ್ದು ಎಷ್ಟು ದಿನ ನಿಲ್ಲುತ್ತದೆ? ಪಾಠಕ್ಕೆ ಮೊದಲು ಒಂದು ಪರೀಕ್ಷೆ, ಪಾಠ ಮುಗಿದೊಡನೆ ಒಂದು ಪರೀಕ್ಷೆ, ಇವೆರಡರ ಅಂತರವನ್ನು ತೋರಿಸಿ ಶಿಕ್ಷಕರು ಹಿಗ್ಗುವುದುಂಟು. ಆರು ತಿಂಗಳ ಮೇಲೆ ಮೂರನೆಯದನ್ನು ಕೊಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಕೊಟ್ಟಲ್ಲಿ, ಹೆಸರುಗಳು ಬೇಗ ಮರೆತುಹೋಗಿ, ಕೈಯಾರೆ ಮಾಡಿದ ಕೆಲಸ ಉಳಿದಿರುವುದನ್ನು ಕಂಡಿದ್ದೇವೆ. ಅದೂ ಕೆಲಸ ಮಾಡುತ್ತಲೇ ಇದ್ದವರಲ್ಲಿ. ನಾಲ್ಕನೆಯ ಮೆಟ್ಟಿಲನ್ನು ಅಳೆಯುವ ಉಪಾಯವನ್ನು ನಮ್ಮ ದೇಶದ ಮಲೇರಿಯಾ ಕಾರ್ಯಕ್ರಮ ಬಹಳ ಹಿಂದೆಯೇ ಕಂಡುಕೊಂಡಿತು. ಕೆಳಗಿನ ಪ್ರಯೋಗಶಾಲೆಗಳಲ್ಲಿ ನೋಡಿದ ಸ್ಲೈಡುಗಳಲ್ಲಿ ಒಂದು ಪಾಲನ್ನು ಮೇಲಿನ ಪ್ರಯೋಗಶಾಲೆ ಮತ್ತೆ ನೋಡುತ್ತದೆ. ಯಾವುದನ್ನು ನೋಡುವರೆಂದು ಮೊದಲು ನೋಡಿದವನಿಗೆ ತಿಳಿಯದಿದ್ದರೆ ಅದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಇನ್ನೊಂದಿಲ್ಲ. ಈ ಸ್ಲೈಡುಗಳಿಗೆ ಇಂದಿಗೂ ಬಳಸುವ ಜೆ.ಎಸ್.ಬಿ. ಬಣ್ಣ ನಮ್ಮವರೇ ಆದ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಅವರು 1944ರಲ್ಲಿ ಪ್ರಕಟಿಸಿದುದು. ಅಗ್ಗವಾದದ್ದು, ಬೇಗ ಕಟ್ಟುವಂಥದು.

ಈ ಕಾಲದಲ್ಲಿ ಬೆರಳಿನ ಒಂದು ತೊಟ್ಟು ರಕ್ತವನ್ನು ಪಟ್ಟಿಯ ಮೇಲೆ ಬಿಟ್ಟರೆ ಕಾಲು ಗಂಟೆಯಲ್ಲಿ ಗೆರೆ ಮೂಡಿ ಉತ್ತರ ಸಿಗುತ್ತದೆ. ಇನ್ನು ಕಣ್ಣನ್ನು ಪಳಗಿಸುವುದೇಕೆ ಎಂಬ ಆಕ್ಷೇಪ ಸಹಜ. ಹಳ್ಳಿಯ ಆಶಾ ಕಾರ್ಯಕರ್ತೆಯ ಕೈಯಲ್ಲಿ ಆ ಪಟ್ಟಿ ದೊಡ್ಡ ವರವೆಂಬುದನ್ನು ಒಪ್ಪುತ್ತೇವೆ. ಆದರೆ ಫಾಲ್ಸಿಪಾರಂ ಅನ್ನು ತೋರಿಸುವ ಪಟ್ಟಿ, ಜೀವಿ ಸತ್ತು ವಾರಗಳಾದ ಮೇಲೂ ಗೆರೆ ತೋರಿಸಬಹುದು. ಔಷಧ ಹಿಡಿಯಿತೇ, ರಕ್ತದಲ್ಲಿನ ಸಂಖ್ಯೆ ಇಳಿಯುತ್ತಿದೆಯೇ ಎಂಬುದನ್ನು ಅದು ಹೇಳದು. ಆ ಪಟ್ಟಿ ಹಿಡಿಯುವ ಪ್ರೋಟೀನನ್ನೇ ತಯಾರಿಸದ ಫಾಲ್ಸಿಪಾರಂ ತಳಿಗಳು ಪೆರು ದೇಶದಲ್ಲಿ ಕಂಡುಬಂದುವೆಂದು 2010ರಲ್ಲಿ ವರದಿಯಾಯಿತು.

ಉಳಿದದ್ದು ಸ್ಲೈಡುಗಳ ಪ್ರಶ್ನೆ. ಪಠ್ಯದಲ್ಲಿ ಕೆಲವು ರೋಗಗಳು ಹೆಸರಾಗಿ ಮಾತ್ರ ಉಳಿದಿವೆ. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಊರುಗಳಲ್ಲಿ ಜನರನ್ನು ನರಳಿಸಿದ ನಾರುಹುಣ್ಣು ಈಗ ಇಲ್ಲ. 2000ದಲ್ಲಿ ಭಾರತವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದರ ಜೀವನಚಕ್ರಕ್ಕೆ ಹತ್ತು ಅಂಕ ಇಡುವ ಪರೀಕ್ಷಕರು ಮಲೇರಿಯಾ ಗಾಜಿಗೆ ಐದು ಇಡುವುದೇಕೆಂದು ನಮಗೆ ಅರ್ಥವಾಗದು. ಮಲೇರಿಯಾವನ್ನೂ 2030ರೊಳಗೆ ನಿರ್ಮೂಲಗೊಳಿಸುವ ಗುರಿಯನ್ನು ನಮ್ಮ ದೇಶ ಇಟ್ಟುಕೊಂಡಿದೆ. ರೋಗ ಇಳಿದಂತೆಲ್ಲ ಒಳ್ಳೆಯ ಸ್ಲೈಡು ದುರ್ಲಭವಾಗುತ್ತದೆ, ಕಪಾಟಿನಲ್ಲಿರುವುದರ ಬಣ್ಣ ಮಾಸುತ್ತದೆ; ಆದರೂ ವರ್ಷಕ್ಕೊಮ್ಮೆ ಬರುವ ಆ ಒಬ್ಬ ರೋಗಿಯನ್ನು ಹುಡುಕಬಲ್ಲ ಕಣ್ಣು ಬೇಕಾಗಿರುವುದು ಆಗಲೇ. ಇದಕ್ಕಾಗಿ ಹೊಸ ರಕ್ತದಿಂದ ಒಂದೇ ಸಲ ನೂರಾರು ಸ್ಲೈಡುಗಳನ್ನು ಮಾಡಿ, ಹಲವು ತಜ್ಞರಿಂದ ಓದಿಸಿ, ನಂಬುಗೆಯ ಉತ್ತರದೊಡನೆ ಭಂಡಾರಗಳಲ್ಲಿ ಇಡುವ ಪದ್ಧತಿ ಬಂದಿದೆ. ಗಣಕದ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಕೇಳುವ ಪದ್ಧತಿಯೂ ಹರಡುತ್ತಿದೆ. ಜಾತಿಯನ್ನು ಗುರುತಿಸುವ ಶಕ್ತಿಯನ್ನು ಅಳೆಯಲು ಆ ಚಿತ್ರಗಳು ಸಾಕು. ತಿರುಪನ್ನು ತಿರುಗಿಸುತ್ತ ನೂರು ಕ್ಷೇತ್ರಗಳನ್ನು ಹುಡುಕುವ ಸಹನೆಯನ್ನು ಅಳೆಯಲು ಈಗಲೂ ಒಂದು ಗಾಜನ್ನೂ ಹತ್ತು ನಿಮಿಷವನ್ನೂ ವಿದ್ಯಾರ್ಥಿಗೆ ಕೊಡಬೇಕಾಗುತ್ತದೆ.